ಸೂಪರ್ ಮೆಟ್ರಾಯ್ಡ್: ನೂರಕ್ಕೆ ನೂರು ಹೆಕ್ಕಿಕೊಂಡು ಓಡುವವರಿಗೆ ಈ ಆಟ ಹೇಗಿದೆ?

ಸೂಪರ್ ಮೆಟ್ರಾಯ್ಡ್ ಒಳ್ಳೆಯ ಆಟ ಅಂತ ಈಗ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. 1994ರಲ್ಲಿ ಸೂಪರ್ ನಿಂಟೆಂಡೊಗೆ ಬಂದಾಗಿನಿಂದ ಅದನ್ನು ಹೊಗಳುವವರಿಗೇನೂ ಬರ ಇಲ್ಲ. ನಾನು ನೋಡಹೊರಟಿರುವುದು ಒಂದೇ ಒಂದು ವಿಷಯ. ಆಟದೊಳಗೆ ಬಚ್ಚಿಟ್ಟಿರುವ ನೂರೂ ಐಟಂಗಳನ್ನು ಒಂದೂ ಬಿಡದೆ ಎತ್ತಿಕೊಂಡು, ಆದಷ್ಟು ಬೇಗ ಮುಗಿಸಬೇಕು ಅಂತ ಕೂತವರಿಗೆ ಇದು ಸರಿಯಾದ ಆಟವಾ? ಅಂದರೆ ಹಂಡ್ರೆಡ್ ಪರ್ಸೆಂಟ್ ಸ್ಪೀಡ್‌ರನ್ ಕಲಿಯೋದಕ್ಕೆ ಇದನ್ನು ಆರಿಸಿಕೊಳ್ಳಬಹುದಾ? ಧಾರಾಳವಾಗಿ ಆರಿಸಿಕೊಳ್ಳಿ ಅಂತಲೇ ನನ್ನ ಮಾತು. ಆದರೆ ಎರಡು ಮೂರು ಕಡೆ ಹಲ್ಲು ಕಡಿಯೋದಕ್ಕೆ ತಯಾರಾಗಿರಿ.

ಸ್ಪೀಡ್‌ರನ್ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎನಿ ಪರ್ಸೆಂಟ್ ಅಂದರೆ ದಾರಿಯಲ್ಲಿ ಏನು ಎತ್ತಿಕೊಂಡೆ, ಏನು ಬಿಟ್ಟೆ ಅಂತ ಯಾರೂ ಕೇಳೋದಿಲ್ಲ, ಕೊನೆ ಮುಟ್ಟಿದರೆ ಆಯ್ತು. ಹಂಡ್ರೆಡ್ ಪರ್ಸೆಂಟ್ ಅಂದರೆ ಎಲ್ಲವನ್ನೂ ಎತ್ತಿಕೊಂಡೇ ಕೊನೆ ಮುಟ್ಟಬೇಕು. ಈ ಆಟದ ಎನಿ ಪರ್ಸೆಂಟನ್ನು ಪಳಗಿದ ಕೈಗಳು ಸುಮಾರು 41 ನಿಮಿಷದಲ್ಲಿ ಮುಗಿಸುತ್ತವೆ. ಹಂಡ್ರೆಡ್ ಪರ್ಸೆಂಟ್ ಅವರಿಗೂ ಒಂದು ಗಂಟೆ ದಾಟುತ್ತದೆ, ಆದರೆ ಒಂದೂಕಾಲು ಗಂಟೆಯೊಳಗೇ ಮುಗಿದುಹೋಗುತ್ತದೆ. ಮೊದಲ ಸಲ ಆಡುವವರು ಇದೇ ಆಟದಲ್ಲಿ ಎಷ್ಟೋ ಸಂಜೆಗಳನ್ನು ಕಳೆಯುತ್ತಾರೆ, ಅದೂ ಅರ್ಧಕ್ಕರ್ಧ ಐಟಂ ಕಣ್ಣಿಗೇ ಬೀಳದೆ.

ಎನಿ ಪರ್ಸೆಂಟೇ ಜಾಸ್ತಿ ಜನ ನೋಡುವ ಓಟ. ಅದರಲ್ಲಿ ಥ್ರಿಲ್ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಅದು ಆಟದ ಅರ್ಧ ಭಾಗವನ್ನು ಮುಟ್ಟದೆಯೇ ಹೋಗಿಬಿಡುತ್ತದೆ. ಗ್ರ್ಯಾಪಲ್ ಬೀಮ್ (ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಕಿರಣ) ಬೇಡ, ಎಕ್ಸ್‌ರೇ ಬೇಡ, ಸ್ಪ್ರಿಂಗ್ ಬಾಲ್ (ಉಂಡೆಯಾಗಿ ಉರುಳುವಾಗಲೂ ಹಾರುವ ಶಕ್ತಿ) ಬೇಡ, ಸ್ಕ್ರೂ ಅಟ್ಯಾಕ್ (ಸುತ್ತುತ್ತಾ ಹಾರಿ ಎದುರಿಗಿದ್ದದ್ದನ್ನು ಪುಡಿಮಾಡುವ ಶಕ್ತಿ) ಕೂಡ ಬೇಡ. ಇಷ್ಟು ಚೆನ್ನಾಗಿ ಕಟ್ಟಿದ ಒಂದು ಗ್ರಹವನ್ನು ಕಿಟಕಿಯಿಂದ ನೋಡಿಕೊಂಡು ಹೋದ ಹಾಗೆ. ಹಂಡ್ರೆಡ್ ಪರ್ಸೆಂಟ್ ಓಡುವವನು ಝೆಬೆಸ್ ಅನ್ನೋ ಈ ಗ್ರಹದ ಪ್ರತಿ ಮೂಲೆಗೂ ಹೋಗಲೇಬೇಕು. ಹೋಗುವುದಷ್ಟೇ ಅಲ್ಲ, ಯಾವ ಮೂಲೆಗೆ ಯಾವಾಗ ಹೋಗಬೇಕು ಅಂತಲೂ ಯೋಚಿಸಿರಬೇಕು. ಮಜಾ ಇರುವುದು ಆ ಯೋಚನೆಯಲ್ಲೇ.

ಇನ್ನು ಲೆಕ್ಕಕ್ಕೆ ಬರೋಣ. ಕೆಲವು ಆಟಗಳಲ್ಲಿ ಶೇಕಡಾ ಲೆಕ್ಕಕ್ಕೆ ತಲೆ ಬುಡ ಇರೋದಿಲ್ಲ. ಡಾಂಕಿ ಕಾಂಗ್ ಕಂಟ್ರಿಯಲ್ಲಿ ಪೂರ್ತಿ ಅಂದರೆ 101%, ಅದರ ಎರಡನೇ ಆಟದಲ್ಲಿ 102%. ಇಲ್ಲಿ ಹಾಗಿಲ್ಲ, ಒಂದು ಐಟಂಗೆ ಒಂದು ಪರ್ಸೆಂಟ್, ಅಷ್ಟೇ. 46 ಮಿಸೈಲ್ ಪ್ಯಾಕ್, 10 ಸೂಪರ್ ಮಿಸೈಲ್ ಪ್ಯಾಕ್, 10 ಪವರ್ ಬಾಂಬ್ ಪ್ಯಾಕ್, 14 ಎನರ್ಜಿ ಟ್ಯಾಂಕ್, 4 ರಿಸರ್ವ್ ಟ್ಯಾಂಕ್. ಇದೆಲ್ಲ ಸೇರಿ 84. ಉಳಿದ 16 ಆಟದ ನಾಯಕಿ ಸೇಮಸ್ ಹಾಕಿಕೊಳ್ಳುವ ಸೂಟು, ಬೀಮು, ಬೂಟು, ಬಾಂಬು ಇತ್ಯಾದಿ. ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು, ಹೊಡೆದಿದ್ದಕ್ಕೆ ಪರ್ಸೆಂಟ್ ಇಲ್ಲ. ಅಚ್ಚುಕಟ್ಟಾದ ಲೆಕ್ಕ.

ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಅದನ್ನು ಆಟ ನಿಮಗೆ ತೋರಿಸೋದೇ ಇಲ್ಲ! ನನ್ನ ದೊಡ್ಡ ತಕರಾರು ಇದೇ. ನೀವು ಎಷ್ಟು ಐಟಂ ಎತ್ತಿಕೊಂಡಿದ್ದೀರಿ ಅಂತ ಆಟದ ಮಧ್ಯೆ ಎಲ್ಲೂ ಬರೆದಿರೋದಿಲ್ಲ. ಆಟವನ್ನು ನಡುವೆ ನಿಲ್ಲಿಸಿ ನೋಡಿದರೂ ಇಲ್ಲ, ಸೇವ್ ಫೈಲ್ ನೋಡಿದರೆ ಅಲ್ಲಿ ಎನರ್ಜಿ ಮತ್ತು ಸಮಯ ಮಾತ್ರ. ಶೇಕಡಾ ಎಷ್ಟು ಅಂತ ಕಾಣುವುದು ಎಲ್ಲಾ ಮುಗಿದು, ಗ್ರಹ ಸಿಡಿದು, ಹೆಸರುಗಳ ಪಟ್ಟಿ ಮೇಲೆ ಹೋದ ನಂತರ. ಒಂದು ಗಂಟೆಗೂ ಮೇಲೆ ಓಡಿ, ಎಲ್ಲ ಬಾಸ್‌ಗಳನ್ನೂ ಕೆಡವಿ, ಒಳ್ಳೆಯ ಸಮಯಕ್ಕೆ ಮುಗಿಸಿ, ಕೊನೆಗೆ ಪರದೆ ಮೇಲೆ 99 ಅಂತ ಬಂದರೆ ಆ ಓಟ ಕಸದ ಬುಟ್ಟಿಗೆ. ಎಲ್ಲಿ ಬಿಟ್ಟೆ ಅಂತಲೂ ಆಟ ಹೇಳೋದಿಲ್ಲ.

ಮ್ಯಾಪ್ ನೋಡಿಕೊಳ್ಳಬಹುದಲ್ವಾ ಅಂತೀರಾ? ಮ್ಯಾಪಿನಲ್ಲಿ ಐಟಂ ಇರುವ ಜಾಗಕ್ಕೆ ಚುಕ್ಕೆ ಇರುತ್ತದೆ, ನಿಜ. ಆದರೆ ಐಟಂ ಎತ್ತಿಕೊಂಡ ಮೇಲೂ ಆ ಚುಕ್ಕೆ ಅಲ್ಲೇ ಕೂತಿರುತ್ತದೆ. ಎತ್ತಿಕೊಂಡಿದ್ದಕ್ಕೂ ಬಿಟ್ಟಿದ್ದಕ್ಕೂ ಒಂದೇ ಗುರುತು. 2004ರ ಮೆಟ್ರಾಯ್ಡ್ ಝೀರೋ ಮಿಷನ್ ಹೊತ್ತಿಗೆ ಇದನ್ನು ಸರಿಮಾಡಿದರು, ಅಲ್ಲಿ ಎತ್ತಿಕೊಂಡ ಐಟಂನ ಗುರುತು ಬದಲಾಗುತ್ತದೆ. ಇಲ್ಲಿ ಮಾತ್ರ ನೆನಪೇ ಗತಿ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಓಡುವವರು ಪರದೆಯ ಮೇಲಿನ ಅಂಕಿಗಳಿಂದಲೇ ಲೆಕ್ಕ ಕಟ್ಟಿಕೊಳ್ಳುತ್ತಾರೆ. ಎನರ್ಜಿ ಟ್ಯಾಂಕ್ ಸುಲಭ. ಮೇಲ್ಗಡೆ ಎಡ ಮೂಲೆಯಲ್ಲಿ ಚಿಕ್ಕ ಚಿಕ್ಕ ಚೌಕಗಳು ಎರಡು ಸಾಲಿನಲ್ಲಿ ನಿಲ್ಲುತ್ತವೆ, ಒಂದೊಂದು ಸಾಲಿಗೆ ಏಳು. ಎರಡೂ ಸಾಲು ಭರ್ತಿ ಆಗಿದ್ದರೆ 14 ಟ್ಯಾಂಕೂ ಬಂದಿವೆ. ಪೂರ್ತಿ ಎನರ್ಜಿ 1499. ರಿಸರ್ವ್ 400. ಒಂದೊಂದು ಪ್ಯಾಕಿಗೆ ಐದರಂತೆ ಮಿಸೈಲ್ 230, ಸೂಪರ್ ಮಿಸೈಲ್ 50, ಪವರ್ ಬಾಂಬ್ 50 ಇರಬೇಕು. ಇಲ್ಲೂ ಒಂದು ಕೊಕ್ಕೆ ಇದೆ. ಪರದೆ ತೋರಿಸುವುದು ಈಗ ಕೈಲಿರುವ ಮಿಸೈಲ್ ಎಷ್ಟು ಅಂತ ಮಾತ್ರ, ಒಟ್ಟು ಎಷ್ಟು ಹಿಡಿಯುತ್ತದೆ ಅಂತ ಅಲ್ಲ. ನಾಲ್ಕು ಹೊಡೆದಿದ್ದರೆ ಲೆಕ್ಕ ಹೋಯ್ತು. ಸೇಮಸ್‌ನ ಹಡಗಿಗೆ ಹೋಗಿ ಭರ್ತಿ ಮಾಡಿಕೊಂಡರೆ ಸರಿಯಾದ ಅಂಕಿ ಕಾಣುತ್ತದೆ. ಅಲ್ಲಿ 225 ಅಂತ ಬಂತು ಅಂದುಕೊಳ್ಳಿ. ಒಂದು ಪ್ಯಾಕ್ ಬಿಟ್ಟಿದ್ದೀರಿ, 46 ಜಾಗಗಳಲ್ಲಿ ಯಾವುದು ಅಂತ ನೀವೇ ಹುಡುಕಿ!

ಅದಕ್ಕೇ ಈ ಓಟ ಕಲಿಯುವವರಿಗೆ ನನ್ನ ಸಲಹೆ: ಐಟಂಗಳನ್ನು ನೂರರ ಪಟ್ಟಿಯಾಗಿ ಬಾಯಿಪಾಠ ಮಾಡಬೇಡಿ. ಒಂದೊಂದು ಪ್ರದೇಶಕ್ಕೆ ಒಂದು ಕಂತು ಅಂತ ಮಾಡಿಕೊಳ್ಳಿ. ಬ್ರಿನ್‌ಸ್ಟಾರ್ ಅನ್ನೋ ಪ್ರದೇಶದ ಈ ಲಿಫ್ಟ್ ಹತ್ತುವ ಮೊದಲು ಇಷ್ಟು ಚೌಕ ಇರಬೇಕು, ಆ ಬಾಗಿಲು ದಾಟುವಾಗ ಸೂಪರ್ ಮಿಸೈಲ್ ಇಷ್ಟು ಸಲ ಎತ್ತಿರಬೇಕು, ಹೀಗೆ. ಗಡಿಯಾರ ಓಡುತ್ತಿರುವಾಗ ತಲೆಗೆ ಹೊರೆ ಆಗೋದಿಲ್ಲ.

ಪ್ರತಿ ಐಟಂ ಎತ್ತಿಕೊಂಡಾಗಲೂ ಆಟ ನಿಂತು, ಒಂದು ಡಬ್ಬಿಯಲ್ಲಿ ಅದರ ಹೆಸರು ತೋರಿಸಿ, ಒಂದು ಚಿಕ್ಕ ಸಂಗೀತ ನುಡಿಸುತ್ತದೆ. ಸುಮಾರು 6 ಸೆಕೆಂಡು. ಒಂದು ಸಲಕ್ಕೆ ಚೆಂದ. ನೂರು ಸಲಕ್ಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ 10 ನಿಮಿಷ! ಒಂದೂಕಾಲು ಗಂಟೆಯ ಓಟದಲ್ಲಿ 10 ನಿಮಿಷ ನೀವು ಕಂಟ್ರೋಲರ್ ಹಿಡಿದುಕೊಂಡು ಸುಮ್ನೆ ಕೂತಿರುತ್ತೀರಿ. ಇದನ್ನು ತಪ್ಪಿಸೋದಕ್ಕೆ ಆಗೋದಿಲ್ಲ. ಬೈಯುವವರು ಬೈಯುತ್ತಾರೆ, ನನಗಂತೂ ಇದು ಬೇಜಾರಿಲ್ಲ. ಆ ಆರು ಸೆಕೆಂಡಿನಲ್ಲಿ ಬೆರಳು ಸಡಿಲ ಮಾಡಿಕೊಳ್ಳಬಹುದು, ಮುಂದಿನ ಕೋಣೆಯಲ್ಲಿ ಏನು ಮಾಡಬೇಕು ಅಂತ ನೆನೆಸಿಕೊಳ್ಳಬಹುದು. ಆಟದ ಒಳಗಿನ ಗಡಿಯಾರ ಈ ಹೊತ್ತನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಬಾಗಿಲು ದಾಟುವ ಹೊತ್ತನ್ನೂ ಹಿಡಿಯೋದಿಲ್ಲ. ಹಾಗಾಗಿ ಸೇವ್ ಫೈಲಿನಲ್ಲಿ ಕಾಣುವ ಸಮಯ ನೋಡಿ ಹಿಗ್ಗಬೇಡಿ, ಹೊರಗಿನ ಗಡಿಯಾರ ಬೇರೆಯೇ ಹೇಳುತ್ತಿರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಓಡಾಟ. ಈ ಆಟದಲ್ಲಿ ವೇಗ ಅನ್ನುವುದು ಹೊರಗಿನಿಂದ ಅಂಟಿಸಿದ್ದಲ್ಲ. ಸ್ಪೀಡ್‌ರನ್ ತಂತ್ರಗಳಲ್ಲಿ ಎರಡನ್ನು ಆಟವೇ ನಿಮಗೆ ಕಲಿಸುತ್ತದೆ, ಅದೂ ಒಂದಕ್ಷರ ಬರೆಯದೆ. ಬ್ರಿನ್‌ಸ್ಟಾರಿನ ಆಳದ ಒಂದು ಗುಂಡಿಯಲ್ಲಿ ಎಟಿಕೂನ್ ಅನ್ನೋ ಪುಟ್ಟ ಪ್ರಾಣಿಗಳಿವೆ. ಅವು ಗೋಡೆಯಿಂದ ಗೋಡೆಗೆ ಚಿಮ್ಮಿ ಮೇಲೆ ಹೋಗುತ್ತವೆ. ನೋಡಿ ಕಲಿ ಅಂತ. ಅದು ವಾಲ್ ಜಂಪ್. ಇನ್ನೊಂದು ಕಡೆ ಡಕೋರಾ ಅನ್ನೋ ದೊಡ್ಡ ಹಕ್ಕಿ ಓಡಿ ಓಡಿ ಮೈಯೆಲ್ಲ ಹೊಳೆಸಿಕೊಂಡು, ಕುಕ್ಕುರುಗಾಲಲ್ಲಿ ಕೂತು, ಬಾಣದ ಹಾಗೆ ನೇರ ಮೇಲಕ್ಕೆ ಹಾರುತ್ತದೆ. ಅದು ಶೈನ್‌ಸ್ಪಾರ್ಕ್. ಕಥೆ ಮುಗಿಸೋದಕ್ಕೆ ಇವೆರಡೂ ಅಷ್ಟೇನೂ ಬೇಕಾಗಿಲ್ಲ. ನೂರು ಐಟಂ ಬೇಗ ಬೇಕು ಅನ್ನುವವನಿಗೆ ಮಾತ್ರ ಇವೇ ಎರಡು ಕಾಲು.

ವಾಲ್ ಜಂಪ್ ಬಗ್ಗೆ ಒಂದು ಮಾತು. ಮಾರಿಯೋ ಆಡಿ ಬಂದವರು ಇಲ್ಲಿ ಸಿಟ್ಟಾಗುತ್ತಾರೆ. ಬೇರೆ ಆಟಗಳಲ್ಲಿ ಗೋಡೆಗೆ ತಾಗಿ ಜಂಪ್ ಒತ್ತಿದರೆ ಮುಗಿಯಿತು. ಇಲ್ಲಿ ಸುತ್ತು ಹೊಡೆಯುತ್ತಾ ಗೋಡೆಯ ಕಡೆ ಹಾರಬೇಕು, ಆಮೇಲೆ ಗೋಡೆಯಿಂದ ಆಚೆ ಕಡೆಗೆ ದಿಕ್ಕು ಒತ್ತಬೇಕು, ಸೇಮಸ್ ಕಾಲು ಗೋಡೆಗೆ ಊರಿ ಒದೆಯಲು ನಿಂತ ಭಂಗಿ ಕ್ಷಣಮಾತ್ರ ಕಾಣುತ್ತದೆ, ಆಗ ಜಂಪ್ ಒತ್ತಬೇಕು. ಎರಡೂ ಒಟ್ಟಿಗೆ ಒತ್ತಿದರೆ ಆಗೋದಿಲ್ಲ. ಮೊದಲು ದಿಕ್ಕು, ಆಮೇಲೆ ಜಂಪ್. ಈ ಲಯ ಒಮ್ಮೆ ಬೆರಳಿಗೆ ಹತ್ತಿತು ಅಂದರೆ ಒಂದೇ ಗೋಡೆ ಹಿಡಿದು ಎಷ್ಟು ಎತ್ತರಕ್ಕೆ ಬೇಕಾದರೂ ಹೋಗಬಹುದು. ಆಟ ಕಟ್ಟಿದವರು ಎತ್ತರಕ್ಕೆ ಹಾರಿಸುವ ಬೂಟು ಸಿಕ್ಕ ಮೇಲೆ ಬಾ ಅಂತ ಇಟ್ಟ ಐಟಂಗಳು ಬೂಟಿಲ್ಲದೆ ಸಿಗುತ್ತವೆ. ರೂಟ್ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ವರ ಇನ್ನೇನು ಬೇಕು?

ಮಾಕ್‌ಬಾಲ್ ಅಂತ ಇನ್ನೊಂದಿದೆ. ಇದನ್ನು ಆಟ ಕಲಿಸೋದಿಲ್ಲ, ಆಡುವವರೇ ಕಂಡುಹಿಡಿದಿದ್ದು. ಹಸಿರು ಬ್ರಿನ್‌ಸ್ಟಾರಿನಲ್ಲಿ ಒಂದು ಉದ್ದನೆ ಕೋಣೆ ಇದೆ, ನೀವು ಓಡುತ್ತಿದ್ದ ಹಾಗೆ ಮೇಲಿನಿಂದ ಗೇಟುಗಳು ಒಂದಾದ ಮೇಲೊಂದು ಬೀಳುತ್ತವೆ. ಓಟದ ವೇಗ ಹೆಚ್ಚಿಸುವ ಸ್ಪೀಡ್ ಬೂಸ್ಟರ್ ಸಿಕ್ಕ ಮೇಲೆ ಬಾ ಅನ್ನೋದು ಅದರ ಅರ್ಥ. ಸೇಮಸ್ ಉಂಡೆಯಾಗಿ ಉರುಳಿದರೆ ಕೆಳಗೆ ನುಸುಳಬಹುದು, ಆದರೆ ಉಂಡೆಯಾದ ತಕ್ಷಣ ಓಟದ ವೇಗ ಸತ್ತುಹೋಗುತ್ತದೆ, ಗೇಟು ಬಿದ್ದುಬಿಡುತ್ತದೆ. ಇಲ್ಲಿ ಏನು ಮಾಡುತ್ತಾರೆ ನೋಡಿ. ಪೂರ್ತಿ ಓಡಿ ಬಂದು, ಚಿಕ್ಕದಾಗಿ ಹಾರಿ, ಗಾಳಿಯಲ್ಲಿರುವಾಗಲೇ ಕೆಳಗೆ ಒತ್ತಿ, ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಉಂಡೆಯಾಗಿ, ಕೂಡಲೇ ಮುಂದಕ್ಕೆ ಒತ್ತುತ್ತಾರೆ. ಆಗ ಆಟ ವೇಗವನ್ನು ಕಳೆಯೋದನ್ನು ಮರೆತುಬಿಡುತ್ತದೆ. ಉಂಡೆ ಓಟದ ವೇಗದಲ್ಲೇ ಗೇಟುಗಳ ಕೆಳಗೆ ಸುಯ್ಯಂತ ಹೋಗುತ್ತದೆ. ಆಚೆ ಕಡೆ ಸೂಪರ್ ಮಿಸೈಲ್ ಇದೆ, ಪಕ್ಕದಲ್ಲೇ ಬ್ರಿನ್‌ಸ್ಟಾರಿನ ರಿಸರ್ವ್ ಟ್ಯಾಂಕೂ ಇದೆ. ಇವೆಲ್ಲ ಮೊದಲ ಸುತ್ತಿನಲ್ಲೇ ಕೈಗೆ ಬಂದರೆ ಮತ್ತೆ ಅಷ್ಟು ದೂರ ವಾಪಸ್ ಬರುವುದು ತಪ್ಪುತ್ತದೆ. ಅಕಸ್ಮಾತ್ ತಪ್ಪಿದರೆ ವಾಪಸ್ ಹೋಗಿ ಮತ್ತೆ ಓಡಿ ಬನ್ನಿ, ಗೇಟು ಏನೂ ಅಂದುಕೊಳ್ಳೋದಿಲ್ಲ. ಗಡಿಯಾರ ಅಂದುಕೊಳ್ಳುತ್ತದೆ.

ಇನ್ನು ಸಣ್ಣ ಸಣ್ಣ ಚಿಲ್ಲರೆ ಉಳಿತಾಯಗಳು. ಓಡುವಾಗ ಗುರಿ ಹಿಡಿಯುವ ಎಲ್ ಮತ್ತು ಆರ್ ಬಟನ್ ಟಕ್ ಟಕ್ ಅಂತ ಒತ್ತುತ್ತಾ ಹೋದರೆ ಸೇಮಸ್ ಒಂದೊಂದು ಒತ್ತಿಗೆ ಒಂದೊಂದು ಪಿಕ್ಸೆಲ್ ಮುಂದೆ ಜರುಗುತ್ತಾಳೆ. ಇದಕ್ಕೆ ಆರ್ಮ್ ಪಂಪಿಂಗ್ ಅಂತಾರೆ. ನೋಡೋದಕ್ಕೆ ಅವಳಿಗೆ ಕೈ ನಡುಕ ಬಂದ ಹಾಗಿರುತ್ತದೆ. ಶುರುವಿನವರು ಇದರ ಗೋಜಿಗೆ ಹೋಗಬೇಡಿ, ಬೆರಳು ನೋವು ಗ್ಯಾರಂಟಿ, ಉಳಿಯುವುದು ಸೆಕೆಂಡಿನ ಚೂರುಗಳು.

ರೂಟ್ ವಿಷಯಕ್ಕೆ ಬಂದರೆ, ಈ ಆಟದ ನಕ್ಷೆ ಎಷ್ಟು ಚೆನ್ನಾಗಿ ಹೆಣೆದಿದ್ದಾರೆ ಅಂತ ಹಂಡ್ರೆಡ್ ಪರ್ಸೆಂಟ್ ಓಡಿದಾಗಲೇ ಗೊತ್ತಾಗುವುದು. ಉದಾಹರಣೆಗೆ ಗಾಂಟ್ಲೆಟ್ ಅಂತ ಕರೆಯುವ ಜಾಗ. ಸೇಮಸ್‌ನ ಹಡಗು ಇಳಿದಲ್ಲೇ, ಎಡಕ್ಕೆ, ಮೇಲೆ. ಒಳಗೆ ಒಂದು ಎನರ್ಜಿ ಟ್ಯಾಂಕ್, ಅದರಾಚೆ ಮಿಸೈಲ್‌ಗಳು. ಆದರೆ ದಾರಿ ತುಂಬಾ ಒಡೆಯುವ ಕಲ್ಲು. ಬಾಂಬ್ ಇಟ್ಟು ಇಟ್ಟು ಕೊರೆಯುತ್ತಾ ಹೋದರೆ ನಿಧಾನ, ಮೈ ಎನರ್ಜಿಯೂ ಸೋರುತ್ತದೆ. ಸ್ಕ್ರೂ ಅಟ್ಯಾಕ್ ಇದ್ದರೆ ಹಾರಿಕೊಂಡೇ ಎಲ್ಲ ಪುಡಿ. ಹಾಗಾದರೆ ಮೊದಲೇ ಕಷ್ಟಪಟ್ಟು ಎತ್ತಿಕೊಂಡು ಆ ಟ್ಯಾಂಕಿನ ಧೈರ್ಯದಲ್ಲಿ ಮುಂದೆ ಹೋಗೋದಾ, ಇಲ್ಲ ಬಿಟ್ಟು ಹೋಗಿ ಕೊನೆಗೆ ಸಲೀಸಾಗಿ ಬಂದು ಎತ್ತಿಕೊಳ್ಳೋದಾ? ಇಂಥ ಪ್ರಶ್ನೆ ಹೆಜ್ಜೆ ಹೆಜ್ಜೆಗೂ ಇದೆ. ಪ್ರತಿಯೊಂದಕ್ಕೂ ಒಂದೇ ಉತ್ತರ ಇಲ್ಲ, ನಿಮ್ಮ ಕೈ ಎಷ್ಟು ಪಳಗಿದೆ ಅನ್ನೋದರ ಮೇಲೆ ಹೋಗುತ್ತದೆ. ದೊಡ್ಡ ರನ್ನರ್‌ಗಳ ರೂಟನ್ನು ಹಾಗೆಯೇ ನಕಲು ಹೊಡೆದರೆ ಎನರ್ಜಿ ಸಾಲದೆ ಸಾಯುತ್ತೀರಿ. ಅವರ ಕ್ರಮ ನೋಡಿ, ನಿಮಗೆ ಬೇಕಾದಲ್ಲಿ ಒಂದೆರಡು ಟ್ಯಾಂಕ್ ಮೊದಲೇ ಎತ್ತಿಕೊಳ್ಳಿ.

ರೆಕ್ಡ್ ಶಿಪ್, ಅಂದರೆ ಪಾಳುಬಿದ್ದ ಹಡಗು, ಇನ್ನೊಂದು ಜಾಣ ಜಾಗ. ಫ್ಯಾಂಟೂನ್ ಅನ್ನೋ ಬಾಸ್ ಸೋಲುವವರೆಗೆ ಹಡಗಿಗೆ ಕರೆಂಟೇ ಇಲ್ಲ. ಅವನನ್ನು ಕೆಡವಿದ ಮೇಲೆ ದೀಪ ಹತ್ತಿಕೊಂಡು, ಸತ್ತುಬಿದ್ದಿದ್ದ ಹಡಗು ಕೆಲಸಕ್ಕೆ ಶುರುವಾಗುತ್ತದೆ. ಗ್ರ್ಯಾವಿಟಿ ಸೂಟ್ ಸಿಗುವುದು ಇಲ್ಲೇ. ಆ ಸೂಟ್ ಇಲ್ಲದೆ ಮರಿಡಿಯಾ ಅನ್ನೋ ಪ್ರದೇಶದ ನೀರಿನಲ್ಲಿ ಓಡಾಟ ಕೆಸರಲ್ಲಿ ನಡೆದಂತೆ ನಿಧಾನ.

ಮರಿಡಿಯಾ ಬಗ್ಗೆ ಮಾತ್ರ ನನಗೆ ಒಳ್ಳೆಯ ಮಾತು ಕಡಿಮೆ. ನೋಡೋದಕ್ಕೆ ಚೆಂದ, ಗಾಜಿನ ಕೊಳವೆಯನ್ನು ಪವರ್ ಬಾಂಬ್ ಇಟ್ಟು ಒಡೆದು ಒಳಗೆ ಹೋಗುವ ಆ ಕ್ಷಣ ಇವತ್ತಿಗೂ ಮೈ ಜುಮ್ ಅನ್ನಿಸುತ್ತದೆ. ಆದರೆ ಐಟಂ ಹೆಕ್ಕುವವನಿಗೆ ಅದು ತಲೆನೋವಿನ ಸಂತೆ. ಪಕ್ಕ ಪಕ್ಕದಲ್ಲಿ ಎರಡು ಮರಳಿನ ಗುಂಡಿಗಳಿವೆ. ಒಂದರಲ್ಲಿ ರಿಸರ್ವ್ ಟ್ಯಾಂಕ್ ಮತ್ತು ಮಿಸೈಲ್, ಇನ್ನೊಂದರಲ್ಲಿ ಪವರ್ ಬಾಂಬ್ ಮತ್ತು ಮಿಸೈಲ್. ಮೇಲಿನಿಂದ ಮರಳಿನ ಜೊತೆ ಜಾರಿ ಒಳಗೆ ಬೀಳಬೇಕು. ಒಳಗೆ ಬಿದ್ದ ಮೇಲೆ ಎರಡೂ ಐಟಂ ಎತ್ತಿಕೊಂಡೇ ಹೊರಬೀಳಬೇಕು, ಮರಳು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ಒಂದನ್ನು ಬಿಟ್ಟು ಕೆಳಗಿನ ಕೋಣೆಗೆ ಬಿದ್ದಿರೋ, ಮತ್ತೆ ಮೇಲಿನಿಂದ ಸುತ್ತಿಕೊಂಡು ಬರಬೇಕು. ಎರಡು ಗುಂಡಿ ಅಂದಮೇಲೆ ಒಂದು ಸಲ ಮುಗಿಸಿ ಇನ್ನೊಂದಕ್ಕೆ ಹೇಗಿದ್ದರೂ ಬರಬೇಕು ಅನ್ನಿ. ಮರಳಿನಲ್ಲಿ ಹಾರೋದಕ್ಕೆ ಹೋದರೆ ಸೇಮಸ್ ಒಲ್ಲೆ ಒಲ್ಲೆ ಅಂತ ಮೇಲೇಳುತ್ತಾಳೆ. ಇಡೀ ಆಟದಲ್ಲಿ ಕಂಟ್ರೋಲ್ ನನ್ನ ಕೈಲಿಲ್ಲ ಅನ್ನಿಸುವುದು ಈ ಎರಡು ಗುಂಡಿಗಳಲ್ಲಿ ಮಾತ್ರ.

ಅಲ್ಲೇ ಶಾಕ್‌ಟೂಲ್ ಅನ್ನೋ ಒಂದು ಪ್ರಾಣಿ ಇದೆ. ಸ್ಪ್ರಿಂಗ್ ಬಾಲ್ ಇರುವ ಕೋಣೆಗೆ ಹೋಗುವ ದಾರಿಯಲ್ಲಿ ಮರಳು ತುಂಬಿದೆ, ಅದನ್ನು ಕೊರೆಯುವುದು ಇವನ ಕೆಲಸ. ಅವನ ಪಾಡಿಗೆ ಅವನು ಕೊರೆಯುತ್ತಾ ಹೋಗುತ್ತಾನೆ, ಅವಸರ ಅನ್ನೋದು ಅವನ ಜಾತಕದಲ್ಲೇ ಇಲ್ಲ. ರನ್ನರ್‌ಗಳು ಅವನನ್ನು ನಂಬಿಕೊಂಡು ಕೂರದೆ ಪವರ್ ಬಾಂಬ್ ಇಟ್ಟು ಮರಳು ತೆಗೆದು ಹೋಗಿಬಿಡುತ್ತಾರೆ. ಇಷ್ಟೆಲ್ಲ ಪಟ್ಟು ಎತ್ತಿಕೊಂಡ ಸ್ಪ್ರಿಂಗ್ ಬಾಲ್ ಆಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ? ಹೆಚ್ಚೇನೂ ಇಲ್ಲ. ಅದು ನೂರರಲ್ಲಿ ಒಂದು, ಅಷ್ಟೇ.

ಎಕ್ಸ್‌ರೇ ಸ್ಕೋಪಿನ ಕಥೆಯೂ ಇದೇ. ಗೋಡೆಯೊಳಗೆ ಏನಿದೆ ಅಂತ ತೋರಿಸುವ ಸಾಧನ. ಬಚ್ಚಿಟ್ಟ ಐಟಂ ಹುಡುಕೋದಕ್ಕೆ ಅಂತಲೇ ಮಾಡಿದ್ದು. ಎಲ್ಲಾ ಬಚ್ಚಿಟ್ಟ ಐಟಂ ಬೇಕು ಅನ್ನುವ ಓಟದಲ್ಲಿ ಅದನ್ನು ಒಂದು ಸಲವೂ ಹುಡುಕೋದಕ್ಕೆ ಬಳಸೋದಿಲ್ಲ! ಯಾವ ಇಟ್ಟಿಗೆಯ ಹಿಂದೆ ಏನಿದೆ ಅಂತ ಮೊದಲೇ ಗೊತ್ತಿರುವವನಿಗೆ ಅದು ಯಾಕೆ? ಮುಳ್ಳಿನ ಕತ್ತಲೆ ಕೋಣೆ ದಾಟಿ, ಅದನ್ನು ಎತ್ತಿಕೊಂಡು, ಅದೇ ದಾರಿಯಲ್ಲಿ ವಾಪಸ್.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತಕರಾರು ಬರುತ್ತದೆ. ಆಯುಧ ಬದಲಿಸುವುದು ಸೆಲೆಕ್ಟ್ ಬಟನ್ನಿನಿಂದ. ಒಂದು ಒತ್ತಿದರೆ ಮಿಸೈಲ್, ಇನ್ನೊಂದು ಒತ್ತಿದರೆ ಸೂಪರ್ ಮಿಸೈಲ್, ಆಮೇಲೆ ಪವರ್ ಬಾಂಬ್, ಆಮೇಲೆ ಗ್ರ್ಯಾಪಲ್, ಆಮೇಲೆ ಎಕ್ಸ್‌ರೇ. ಸುತ್ತು. ಶುರುವಿನಲ್ಲಿ ಎರಡೇ ಇರುವಾಗ ಏನೂ ಅನ್ನಿಸೋದಿಲ್ಲ. ಗ್ರ್ಯಾಪಲ್, ಎಕ್ಸ್‌ರೇ ಎತ್ತಿಕೊಂಡ ಮೇಲೆ ಪವರ್ ಬಾಂಬಿನಿಂದ ಮಿಸೈಲಿಗೆ ಬರಬೇಕಾದರೆ ಇವೆರಡರ ಮೇಲೂ ಹಾದುಬರಬೇಕು, ಇಲ್ಲವೇ ಕ್ಯಾನ್ಸಲ್ ಬಟನ್ ಒತ್ತಿ ಮೊದಲಿನಿಂದ ಶುರು ಮಾಡಬೇಕು. ಅಂದರೆ ಹೆಚ್ಚು ಐಟಂ ಎತ್ತಿಕೊಂಡಷ್ಟೂ ನೀವು ನಿಧಾನ! ಎನಿ ಪರ್ಸೆಂಟ್ ಓಡುವವರಿಗೆ ಈ ಗೋಳಿಲ್ಲ, ಅವರು ಆ ಎರಡನ್ನು ಮುಟ್ಟೋದೇ ಇಲ್ಲ. ನಾನು ಕೊಡುವ ಸಲಹೆ, ಆಟದ ಆಪ್ಷನ್ನಿನಲ್ಲಿ ಬಟನ್‌ಗಳನ್ನು ಬದಲಿಸಿಕೊಳ್ಳೋದಕ್ಕೆ ಬಿಡುತ್ತಾರೆ, ಮೊದಲ ದಿನವೇ ಅದನ್ನು ನೋಡಿ. ಡ್ಯಾಶ್, ಅಂದರೆ ಓಡುವ ಬಟನ್, ಒತ್ತಿಕೊಂಡೇ ಜಂಪ್ ಮತ್ತು ಶೂಟ್ ಮಾಡುವಂತಿರಬೇಕು. ಒಂದು ಜೋಡಣೆಗೆ ಬೆರಳು ಒಗ್ಗಿದ ಮೇಲೆ ಬದಲಿಸುವುದು ಬಹಳ ಕಷ್ಟ.

ಬಾಸ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ರೇಡ್ ಸುಲಭ, ಸೂಪರ್ ಮಿಸೈಲ್ ಬಾಯಿಗೆ ಹಾಕಿದರೆ ಮುಗಿಯಿತು. ಕ್ರೊಕೊಮೈರ್ ಹೊಡೆದರೆ ಸಾಯೋದಿಲ್ಲ, ಹೊಡೆದು ಹೊಡೆದು ಹಿಂದಕ್ಕೆ ತಳ್ಳಿ ಆಸಿಡ್ಡಿಗೆ ಬೀಳಿಸಬೇಕು, ಗ್ರ್ಯಾಪಲ್ ಇರೋದು ಅವನ ಆಚೆ, ಹಾಗಾಗಿ ನಮ್ಮ ಓಟದಲ್ಲಿ ಅವನನ್ನು ತಪ್ಪಿಸಿಕೊಳ್ಳುವಂತಿಲ್ಲ. ಡ್ರೇಗನ್ ನಿಮ್ಮನ್ನು ಹಿಡಿದುಕೊಂಡಾಗ ಗ್ರ್ಯಾಪಲನ್ನು ಗೋಡೆಯ ಒಡೆದ ಫಿರಂಗಿಗೆ ಸಿಕ್ಕಿಸಿದರೆ ಇಬ್ಬರಿಗೂ ಶಾಕ್ ಹೊಡೆದು, ಅವನು ನಿಮಗಿಂತ ಮೊದಲು ಸಾಯುತ್ತಾನೆ. ನೋಡುವವರಿಗೆ ಇದು ಹಬ್ಬ. ಫ್ಯಾಂಟೂನ್ ಮಾತ್ರ ಅದೃಷ್ಟದ ಆಟ. ಅವನು ಯಾವ ಚಾಲಿಯಲ್ಲಿ ಸುತ್ತುತ್ತಾನೆ, ಕಣ್ಣು ಯಾವಾಗ ಬಿಡುತ್ತಾನೆ ಅನ್ನೋದು ಆ ಹೊತ್ತಿಗೆ ಬಂದಂತೆ. ಸೂಪರ್ ಮಿಸೈಲ್ ಹೊಡೆದರೆ ಕೆರಳುತ್ತಾನೆ. ಅಲ್ಲಿಯವರೆಗೆ ಎಲ್ಲಾ ಸರಿಯಾಗಿ ಓಡಿ ಬಂದವನಿಗೆ ಒಂದು ನಿಧಾನದ ಸುತ್ತು ಬಿತ್ತು ಅಂದರೆ ಸೆಕೆಂಡುಗಳು ಕಣ್ಣೆದುರೇ ಹೋಗುತ್ತವೆ, ಏನೂ ಮಾಡೋದಕ್ಕೆ ಆಗೋದಿಲ್ಲ. ಓಟದ ಮೊದಲ ಭಾಗದಲ್ಲೇ ಅವನು ಬರುವುದು ಒಂದು ಸಮಾಧಾನ. ರೀಸೆಟ್ ಮಾಡಿದರೂ ಹೊಟ್ಟೆ ಅಷ್ಟು ಉರಿಯೋದಿಲ್ಲ.

ಕೊನೆಗೆ ಗ್ರಹ ಸಿಡಿಯುವ ಮುಂಚೆ 3 ನಿಮಿಷದಲ್ಲಿ ಓಡಿಹೋಗಬೇಕಲ್ಲ, ಆಗ ದಾರಿಯ ಪಕ್ಕದ ಒಂದು ಕೋಣೆಯಲ್ಲಿ ಆ ಎಟಿಕೂನ್‌ಗಳು ಮತ್ತು ಡಕೋರಾ ಸಿಕ್ಕಿಹಾಕಿಕೊಂಡಿರುತ್ತವೆ. ಗೋಡೆ ಒಡೆದು ಬಿಡಿಸಬಹುದು. ಅದಕ್ಕೆ ಪರ್ಸೆಂಟ್ ಇಲ್ಲ, ಸಮಯ ಮಾತ್ರ ಖರ್ಚು. ಗೇಮ್ಸ್ ಡನ್ ಕ್ವಿಕ್ ಅನ್ನೋ ಸ್ಪೀಡ್‌ರನ್ ಮೇಳದಲ್ಲಿ ಈ ಪ್ರಾಣಿಗಳನ್ನು ಉಳಿಸಬೇಕಾ ಬಿಡಬೇಕಾ ಅಂತ ಜನ ದೇಣಿಗೆ ಕೊಟ್ಟು ಜಗಳ ಆಡುವುದೇ ಒಂದು ಸಂಪ್ರದಾಯ ಆಗಿದೆ. ದಾಖಲೆಗೆ ಓಡುವಾಗ ಯಾರೂ ನಿಲ್ಲೋದಿಲ್ಲ. ನಾನಾದರೆ ದಾಖಲೆಯ ಆಸೆ ಇಲ್ಲದ ದಿನ ಬಿಡಿಸಿಯೇ ಹೋಗುತ್ತೇನೆ, ವಾಲ್ ಜಂಪ್ ಕಲಿಸಿದ ಋಣ ಅಂತ.

ಒಟ್ಟು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಡಿದ ಅರ್ಧ ಪೂರ್ತಿ ಆ ಕಾಣದ ಲೆಕ್ಕಕ್ಕೆ. ಮರಳಿನ ಗುಂಡಿಯನ್ನು ಕ್ಷಮಿಸಿದ್ದೇನೆ.

ಯಾವುದರಲ್ಲಿ ಆಡಬೇಕು ಅನ್ನೋದು ಉಳಿಯಿತು. ಕಲಿಯುವ ಹಂತದಲ್ಲಿ ಸ್ವಿಚ್ ಆನ್‌ಲೈನ್ ಚಂದಾದಾರರಿಗೆ ಸಿಗುವ ಆವೃತ್ತಿ ಸಾಕು, 2019ರಿಂದ ಅದರಲ್ಲಿದೆ. ಬೇಕಾದ ಜಾಗದಲ್ಲಿ ನಿಲ್ಲಿಸಿ ಉಳಿಸಿಕೊಳ್ಳಬಹುದು, ಹಿಂದಕ್ಕೆ ತಿರುಗಿಸಬಹುದು, ಹಾಗಾಗಿ ಆ ಗೇಟಿನ ಕೋಣೆಯೊಂದನ್ನೇ ಸಂಜೆಯಿಡೀ ಆಡಬಹುದು. 2017ರಲ್ಲಿ ಬಂದ ಚಿಕ್ಕ ಎಸ್‌ಎನ್‌ಇಎಸ್ ಕ್ಲಾಸಿಕ್ ಡಬ್ಬಿಯಲ್ಲೂ ಈ ಆಟ ಇದೆ, ಕಂಟ್ರೋಲರ್ ಹಳೆಯದರ ಹಾಗೇ ಇರುವುದರಿಂದ ಬೆರಳಿಗೆ ಹಿತ. ಹಳೆಯ ಕಾರ್ಟ್ರಿಡ್ಜ್ ಕೊಳ್ಳುವವರು ಎರಡು ವಿಷಯ ನೋಡಿ. ಒಂದು, ಸೇವ್ ಉಳಿಯುವುದು ಒಳಗಿನ ಬ್ಯಾಟರಿಯಿಂದ, ಅದಕ್ಕೆ ವಯಸ್ಸಾಗಿರುತ್ತದೆ. ಮಾರುವವರು ಆಟ ಶುರುವಾಗೋದನ್ನು ಮಾತ್ರ ತೋರಿಸಿದರೆ ಒಪ್ಪಬೇಡಿ, ಒಂದು ಸಲ ಸೇವ್ ಮಾಡಿಸಿ, ಆಫ್ ಮಾಡಿಸಿ, ಮತ್ತೆ ಹಾಕಿಸಿ ನೋಡಿ. ಇನ್ನೊಂದು, ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಆವೃತ್ತಿ 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಚಿತ್ರದಂತೆ, ಓಡುವುದು. ಅಮೆರಿಕ ಮತ್ತು ಜಪಾನಿನವು 60. ವಾಲ್ ಜಂಪಿನ ಲಯವನ್ನು ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಓಡೋದಕ್ಕೆ ಹೋದರೆ ಬೆರಳು ಮತ್ತೆ ಮೊದಲಿನಿಂದ ಕಲಿಯಬೇಕು, ಆದ್ದರಿಂದ ಯಾವುದು ಅಂತ ತೀರ್ಮಾನಿಸಿಕೊಂಡೇ ಶುರು ಮಾಡಿ.